ಇಪ್ಪತ್ತು ದಿನ ದುಡಿದರೆ ಒಂದು ದಿನ ರಜೆ: ಸಂಬಳ ಸಹಿತ ರಜೆಯ ಲೆಕ್ಕ ದೇಶದಿಂದ ದೇಶಕ್ಕೆ ಏಕೆ ಬೇರೆ?

ಟೈಂ ಆಫೀಸಿನವನು, ಮಾಚೇನಹಳ್ಳಿ:

ಶಿವಮೊಗ್ಗದ ಪಕ್ಕದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆಯಲ್ಲಿ ಹದಿನಾರು ವರ್ಷಗಳಿಂದ ಹಾಜರಿ ಮತ್ತು ರಜೆಯ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ಡಿಸೆಂಬರಿನ ಕೊನೆಯ ವಾರ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತದೆ, ಮತ್ತು ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: ನನ್ನ ಗಳಿಕೆ ರಜೆ ಎಷ್ಟು ಉಳಿದಿದೆ, ಅದಕ್ಕೆ ದುಡ್ಡೆಷ್ಟು ಬರುತ್ತದೆ? ಈ ಸಲ ಕುಲುಮೆ ವಿಭಾಗದ ಹಿರಿಯರೊಬ್ಬರು ಬೇರೆಯದೇ ಪ್ರಶ್ನೆ ತಂದರು. ಅವರ ತಂಗಿಯ ಮಗ ಜರ್ಮನಿಯ ಯಂತ್ರ ತಯಾರಿಕಾ ಕಾರ್ಖಾನೆಯೊಂದರಲ್ಲಿದ್ದಾನೆ; ದೀಪಾವಳಿಗೆ ಬಂದವನು ಮೂರು ವಾರ ಊರಿನಲ್ಲಿದ್ದು ಹೋದ, ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ. "ಅವನದೂ ಕಬ್ಬಿಣದ ಕೆಲಸ, ನನ್ನದೂ ಕಬ್ಬಿಣದ ಕೆಲಸ. ಅವನಿಗೆ ಮೂವತ್ತು ದಿನ, ನನಗೆ ಹದಿನೈದು. ಇದನ್ನು ಗೊತ್ತು ಮಾಡಿದವರು ಯಾರು ಸ್ವಾಮಿ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನನಗೆ ಗೊತ್ತಿರುವುದು ಇಷ್ಟು. 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮಿನಂತೆ ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ಕೆಲಸ ಮಾಡಿದ ಕಾರ್ಮಿಕನಿಗೆ ಮುಂದಿನ ವರ್ಷ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ವೇತನ ಸಹಿತ ರಜೆ ದೊರೆಯುತ್ತಿತ್ತು. ಬಳಸದೆ ಉಳಿದದ್ದರಲ್ಲಿ 30 ದಿನದವರೆಗೆ ಮುಂದಕ್ಕೆ ಒಯ್ಯಬಹುದಿತ್ತು. ವರ್ಷಕ್ಕೆ ಸುಮಾರು 300 ದಿನ ಬರುವವನಿಗೆ ಇದು 15 ದಿನವಾಗುತ್ತದೆ. 239 ದಿನ ಬಂದವನಿಗೆ ಸೊನ್ನೆ. ಆ ಒಂದು ದಿನದ ಕೊರತೆಯನ್ನು ನಾನೇ ನನ್ನ ಕೈಯಾರೆ ಬರೆದ ವರ್ಷಗಳಿವೆ, ಮತ್ತು ಹಾಗೆ ಬರೆದ ಪ್ರತಿಯೊಬ್ಬರ ಮುಖವೂ ನನಗೆ ನೆನಪಿದೆ.

ಬೇರೆ ದೇಶಗಳಲ್ಲಿ ಈ ಲೆಕ್ಕ ಹೇಗಿದೆ, ಏಕೆ ಹಾಗಿದೆ, ಅಲ್ಲಿ ದುಡಿದವರ ಅನುಭವವೇನು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು. ಆ ಹಿರಿಯರಿಗೆ ಸರಿಯಾದ ಉತ್ತರವನ್ನೇ ಒಯ್ದು ಕೊಡಬೇಕೆಂಬುದು ನನ್ನ ಆಸೆ.

ತೀರ್ಥಹಳ್ಳಿಯವಳು, ಈಗ ಸ್ಟುಟ್‌ಗಾರ್ಟ್:

ಮೊದಲು ಒಂದು ಸಣ್ಣ ತಿದ್ದುಪಡಿ. ಜರ್ಮನಿಯ ಕಾನೂನು ಮೂವತ್ತು ದಿನ ಕೊಡುವುದಿಲ್ಲ. ಇಲ್ಲಿನ 1963ರ ರಜೆ ಕಾಯ್ದೆ ಹೇಳುವುದು 24 ದಿನ, ಅದೂ ವಾರಕ್ಕೆ ಆರು ದಿನ ದುಡಿಯುವವರ ಲೆಕ್ಕದಲ್ಲಿ. ವಾರಕ್ಕೆ ಐದು ದಿನ ದುಡಿಯುವ ನನ್ನಂಥವರಿಗೆ ಅದು 20 ದಿನಕ್ಕೆ ಇಳಿಯುತ್ತದೆ. ಎರಡೂ ನಾಲ್ಕು ವಾರವೇ. ಅದರ ಮೇಲಿನ ಹತ್ತು ದಿನ ಬಂದದ್ದು ಕಾರ್ಮಿಕ ಸಂಘ ಮತ್ತು ಮಾಲೀಕರ ಸಂಘಗಳ ನಡುವಿನ ಒಪ್ಪಂದದಿಂದ. ಲೋಹದ ಕೈಗಾರಿಕೆಯಲ್ಲಿ ಐಜಿ ಮೆಟಾಲ್ ಸಂಘದ ಒಪ್ಪಂದ ಮೂವತ್ತು ದಿನ ಎನ್ನುತ್ತದೆ. ಆದ್ದರಿಂದ "ಗೊತ್ತು ಮಾಡಿದವರು ಯಾರು" ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಂಸತ್ತು, ಉಳಿದರ್ಧ ಸಂಘ.

ನನಗೆ ದಿನಗಳ ಸಂಖ್ಯೆಗಿಂತ ಹೆಚ್ಚು ಆಶ್ಚರ್ಯ ತಂದದ್ದು ಬೇರೆ. ಸೇರಿದ ಮೊದಲ ವರ್ಷ ನಾನು ಸಂಕೋಚದಿಂದ ರಜೆ ಕೇಳಲೇ ಇಲ್ಲ. ಅಕ್ಟೋಬರಿನಲ್ಲಿ ಕಚೇರಿಯಿಂದಲೇ ಪತ್ರ ಬಂತು: ನಿಮ್ಮ ಇಷ್ಟು ದಿನ ಬಾಕಿ ಇದೆ, ವರ್ಷದೊಳಗೆ ತೆಗೆದುಕೊಳ್ಳಿ, ಇಲ್ಲವಾದರೆ ಕಳೆದುಹೋಗುತ್ತದೆ. ಇದು ಯಾರದೋ ಸೌಜನ್ಯ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಯುರೋಪಿನ ನ್ಯಾಯಾಲಯ 2018ರಲ್ಲಿ ಕೊಟ್ಟ ತೀರ್ಪಿನ ಬಳಿಕ ಮಾಲೀಕನು ಕಾರ್ಮಿಕನಿಗೆ ಹೀಗೆ ತಿಳಿಸಿ ಹೇಳದಿದ್ದರೆ ರಜೆ ರದ್ದಾಗುವುದೇ ಇಲ್ಲ ಎಂದು. ರಜೆಯಲ್ಲಿದ್ದಾಗ ಜ್ವರ ಬಂದು ವೈದ್ಯರ ಚೀಟಿ ಕೊಟ್ಟರೆ ಆ ದಿನಗಳು ರಜೆಯ ಖಾತೆಗೆ ಮರಳುತ್ತವೆ. ಕಾಯಿಲೆಗೆ ಆರು ವಾರದವರೆಗೆ ಪೂರ್ಣ ಸಂಬಳ ಬೇರೆಯೇ ಇದೆ. ರಜೆ ಇರುವುದು ಗುಣವಾಗಲಿಕ್ಕಲ್ಲ, ದಣಿವಾರಿಸಿಕೊಳ್ಳಲಿಕ್ಕೆ ಎಂಬ ತಿಳಿವಳಿಕೆ ಕಾನೂನಿನೊಳಗೇ ಇದೆ. ತೀರ್ಥಹಳ್ಳಿಯಲ್ಲಿ ನನ್ನ ತಂದೆ ನಲವತ್ತು ವರ್ಷ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು. ಅವರು ರಜೆ ಹಾಕಿದ್ದನ್ನು ನಾನು ಕಂಡದ್ದು ಮದುವೆಗೆ, ಸಾವಿಗೆ ಮತ್ತು ಮಲೇರಿಯಾಕ್ಕೆ.

ವಕೀಲ, ಶಿವಮೊಗ್ಗ:

ಕಾರ್ಮಿಕ ಪ್ರಕರಣಗಳನ್ನು ನಡೆಸುವವನಾದ್ದರಿಂದ ಲೆಕ್ಕದ ಮಾತನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಬರುವ ದೇಶವಾರು ಪಟ್ಟಿಗಳು ಇಲ್ಲಿಯೇ ಎಡವುತ್ತವೆ.

ರಜೆಯನ್ನು ದಿನದಲ್ಲಿ ಎಣಿಸದೆ ವಾರದಲ್ಲಿ ಎಣಿಸಬೇಕು. ವಾರಕ್ಕೆ ಆರು ದಿನ ದುಡಿಯುವ ನಮ್ಮವರ 15 ದಿನವೆಂದರೆ ಎರಡೂವರೆ ವಾರ. ಯುರೋಪ್ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನ ಎಲ್ಲ ಸದಸ್ಯ ದೇಶಗಳಿಗೂ ಕನಿಷ್ಠ ನಾಲ್ಕು ವಾರ ಎನ್ನುತ್ತದೆ. ಫ್ರಾನ್ಸ್ ಮತ್ತು ಆಸ್ಟ್ರಿಯಾ ಐದು ವಾರ ಕೊಡುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಾಲ್ಕು. ಕೆನಡಾದ ಹೆಚ್ಚಿನ ಪ್ರಾಂತ್ಯಗಳಲ್ಲಿ ಆರಂಭದ ವರ್ಷಗಳಿಗೆ ಎರಡು. ಚೀನಾದಲ್ಲಿ ಒಟ್ಟು ಸೇವೆ ಹತ್ತು ವರ್ಷ ತುಂಬುವವರೆಗೆ ಐದೇ ದಿನ, ಇಪ್ಪತ್ತು ವರ್ಷದ ಬಳಿಕ ಹದಿನೈದು.

ಎರಡನೆಯದಾಗಿ, ಹಬ್ಬದ ರಜೆ ಈ ಲೆಕ್ಕದೊಳಗೋ ಹೊರಗೋ ಎಂದು ನೋಡಬೇಕು. ಬ್ರಿಟನ್ನಿನ 5.6 ವಾರ ಕೇಳಲು ದೊಡ್ಡದು, ಆದರೆ ಅದಕ್ಕೆ 28 ದಿನದ ಮಿತಿಯಿದೆ ಮತ್ತು ಇಂಗ್ಲೆಂಡಿನ ಎಂಟು ಸಾರ್ವಜನಿಕ ರಜೆಗಳನ್ನು ಮಾಲೀಕ ಅದರೊಳಗೇ ಸೇರಿಸಬಹುದು. ನಮ್ಮಲ್ಲಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬಗಳು, ಒಟ್ಟು ಹತ್ತು, ಗಳಿಕೆ ರಜೆಯ ಹೊರಗೆ ಬರುತ್ತವೆ. ಹದಿನೈದೂ ಹತ್ತೂ ಇಪ್ಪತ್ತೈದು. ಅಂದರೆ ಆರು ದಿನದ ವಾರ ದುಡಿಯುವ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದರೆ ಬ್ರಿಟನ್ನಿನ ಕನಿಷ್ಠಕ್ಕೂ ನಮ್ಮ ಕಾರ್ಖಾನೆಯ ಕನಿಷ್ಠಕ್ಕೂ ಕಾಗದದ ಮೇಲೆ ಮೂರೇ ದಿನದ ವ್ಯತ್ಯಾಸ! ಜರ್ಮನಿಯದು ದೇಶಕ್ಕೆಲ್ಲ ಸಮಾನವಾದ ಒಂಬತ್ತು ಸಾರ್ವಜನಿಕ ರಜೆ ಸೇರಿ ಮೂವತ್ತಮೂರು. ನಿಜವಾದ ದೊಡ್ಡ ಅಂತರ ಇರುವುದು ಶನಿವಾರದಲ್ಲಿ: ಅಲ್ಲಿ ಬಹುಪಾಲು ಜನ ಐದು ದಿನ ದುಡಿದರೆ ಇಲ್ಲಿಯ ಕುಲುಮೆಯವರು ವರ್ಷಕ್ಕೆ ಐವತ್ತೆರಡು ದಿನ ಹೆಚ್ಚಾಗಿ ದುಡಿಯುತ್ತಾರೆ.

ಮೂರನೆಯದು ಅಂತರರಾಷ್ಟ್ರೀಯ ಒಪ್ಪಂದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1936ರಲ್ಲಿ 52ನೇ ಒಡಂಬಡಿಕೆಯಲ್ಲಿ ಒಂದು ವರ್ಷದ ಸೇವೆಗೆ ಆರು ದಿನವೆಂದದ್ದು, 1970ರ 132ನೇ ಒಡಂಬಡಿಕೆಯಲ್ಲಿ ಮೂರು ವಾರಕ್ಕೆ ಏರಿತು. ಭಾರತ ಅದನ್ನು ಅನುಮೋದಿಸಿಲ್ಲ, ಅಮೆರಿಕವೂ ಅನುಮೋದಿಸಿಲ್ಲ. ಆದರೆ ನಮ್ಮ ಸಂವಿಧಾನದ 43ನೇ ವಿಧಿ ಕಾರ್ಮಿಕರಿಗೆ ಜೀವನ ವೇತನದ ಜೊತೆಗೆ ವಿರಾಮವನ್ನು ಪೂರ್ಣವಾಗಿ ಅನುಭವಿಸುವ ಪರಿಸ್ಥಿತಿಯನ್ನೂ ಒದಗಿಸಲು ಪ್ರಭುತ್ವ ಶ್ರಮಿಸಬೇಕು ಎನ್ನುತ್ತದೆ.

ಟೈಂ ಆಫೀಸಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇಪ್ಪತ್ತಕ್ಕೆ ಒಂದು ಎಂಬ ಪ್ರಮಾಣ ಬದಲಾಗಿಲ್ಲ, ಆದರೆ 240 ದಿನದ ಹೊಸ್ತಿಲು 180ಕ್ಕೆ ಇಳಿದಿದೆ. 239ರ ಆ ಸೊನ್ನೆಯನ್ನು ನೀವು ಇನ್ನು ಬರೆಯಬೇಕಾಗಿಲ್ಲ. ವರ್ಷದ ಕೊನೆಗೆ ಕಾರ್ಮಿಕ ಕೇಳಿದರೆ ಉಳಿದ ರಜೆಗೆ ಹಣ ಕೊಡಬೇಕೆಂಬ ಮಾತೂ ಅದರಲ್ಲಿದೆ.

ಸಾಗರದವನು, ಹದಿನೆಂಟು ವರ್ಷ ಕೊಲ್ಲಿಯಲ್ಲಿದ್ದೆ:

ವಕೀಲರು ಹೇಳಿದ ಎಣಿಕೆಯ ಮಾತಿಗೆ ನನ್ನದೊಂದು ಉದಾಹರಣೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಒಂದು ವರ್ಷ ತುಂಬಿದವನಿಗೆ ಮೂವತ್ತು ದಿನ ಎಂದಾಗ ನಮ್ಮೂರಿನವರು "ಮೂವತ್ತೂ ಕೆಲಸದ ದಿನ" ಎಂದು ತಿಳಿಯುತ್ತಿದ್ದರು. ಅದು ಕ್ಯಾಲೆಂಡರ್ ದಿನ. ನಡುವಿನ ವಾರದ ರಜೆಗಳೂ ಅದರಲ್ಲೇ ಕರಗುತ್ತವೆ. ಸೌದಿಯಲ್ಲಿ ಮೊದಲ ಐದು ವರ್ಷ 21 ದಿನ, ಆಮೇಲೆ 30.

ಆದರೂ ಆ ಮೂವತ್ತು ದಿನ ನಮಗೆ ರಜೆಯಾಗಿ ಒದಗುತ್ತಿದ್ದುದು ಅಪರೂಪ. ನಾನು ಹೆಚ್ಚು ಕಾಲ ದುಡಿದ ಕಟ್ಟಡ ಗುತ್ತಿಗೆಯಲ್ಲಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರಲು ಬಿಡುತ್ತಿದ್ದರು. ಬಂದ ಎರಡು ತಿಂಗಳಲ್ಲಿ ಮನೆಯ ಮಾಡು ಸರಿಮಾಡಿಸುವುದು, ತಂಗಿಯ ಮದುವೆ, ಬ್ಯಾಂಕಿನ ಸಾಲ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲ ಮುಗಿಯಬೇಕಿತ್ತು. ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಗೂ ನನ್ನ ಎರಡು ವರ್ಷದ ಸರದಿಗೂ ತಾಳೆಯಾದದ್ದು ಹದಿನೆಂಟು ವರ್ಷದಲ್ಲಿ ಎರಡೇ ಸಲ. ರಜೆ ಎಷ್ಟು ದಿನ ಎಂಬುದರ ಜೊತೆಗೆ ಯಾವಾಗ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯ ಎಂದು ನಾನು ತಿಳಿದದ್ದು ಹೀಗೆ.

ತೀರ್ಥಹಳ್ಳಿ ಮೂಲ, ಡಲ್ಲಾಸ್:

ಅಮೆರಿಕದ ವಿಚಾರ ಬೇಗ ಮುಗಿಯುತ್ತದೆ. ಖಾಸಗಿ ಉದ್ಯೋಗಿಗೆ ಒಂದು ದಿನವಾದರೂ ಸಂಬಳ ಸಹಿತ ರಜೆ ಕೊಡಲೇಬೇಕು ಎನ್ನುವ ಒಕ್ಕೂಟ ಕಾನೂನು ಇಲ್ಲಿಲ್ಲ. 1938ರ ಕಾರ್ಮಿಕ ಕಾಯ್ದೆ ಕನಿಷ್ಠ ಕೂಲಿ ಮತ್ತು ಹೆಚ್ಚುವರಿ ಅವಧಿಯ ಕೂಲಿಯನ್ನು ಹೇಳಿತು, ರಜೆಯನ್ನು ಹೇಳಲಿಲ್ಲ; 1993ರ ಕುಟುಂಬ ರಜೆಯ ಕಾಯ್ದೆ ಹನ್ನೆರಡು ವಾರ ಕೊಡುತ್ತದೆ, ಆದರೆ ಸಂಬಳವಿಲ್ಲದೆ. ನೆವಾಡಾ, ಮೇನ್, ಇಲಿನಾಯ್ ರಾಜ್ಯಗಳು ಈಚಿನ ವರ್ಷಗಳಲ್ಲಿ ದುಡಿದ ಗಂಟೆಗಳ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಒಂದು ವಾರ ಕೊಡಲು ತೊಡಗಿವೆ. ಕ್ಯಾಲಿಫೋರ್ನಿಯಾ ಮಾಲೀಕನಿಗೆ ರಜೆ ಕೊಡಲೇಬೇಕೆಂದು ಹೇಳುವುದಿಲ್ಲ. ಆದರೆ ಒಮ್ಮೆ ಕೊಟ್ಟು ಅದು ಗಳಿಕೆಯಾದರೆ ಅದು ಸಂಬಳವೇ, ಕಿತ್ತುಕೊಳ್ಳುವಂತಿಲ್ಲ ಎನ್ನುತ್ತದೆ. ನನಗೆ ಕಂಪನಿ ಕೊಡುವುದು ಹದಿನೈದು ದಿನ, ಕಾಯಿಲೆಯೂ ಅದರಲ್ಲೇ. ಮಗುವಿಗೆ ಜ್ವರ ಬಂದ ವರ್ಷ ಊರಿಗೆ ಬರುವುದು ತಪ್ಪುತ್ತದೆ.

ನಿವೃತ್ತ ರೈಟರ್, ಕೊಪ್ಪ:

ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದವನು ನಾನು. ಎಲ್ಲರೂ ಕಾರ್ಖಾನೆ ಕಾಯ್ದೆಯನ್ನು ಹೇಳಿದಿರಿ. ನಮ್ಮ ಮಲೆನಾಡಿಗೆ ಹೆಚ್ಚು ಹತ್ತಿರದ್ದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ. ಕಾಫಿ, ಟೀ, ರಬ್ಬರ್, ಸಿಂಕೋನಾ, ಏಲಕ್ಕಿ ಬೆಳೆಯುವ ಐದು ಹೆಕ್ಟೇರ್ ಮತ್ತು ಹೆಚ್ಚಿನ ತೋಟದಲ್ಲಿ ಹದಿನೈದು ಜನ ಇದ್ದರೆ ಅದು ಅನ್ವಯಿಸುತ್ತಿತ್ತು. ರಜೆಯ ಪ್ರಮಾಣ ಅಲ್ಲೂ ಇಪ್ಪತ್ತಕ್ಕೆ ಒಂದು, ಆದರೆ ಅದರ 30ನೇ ಕಲಮಿನಲ್ಲಿ 240 ದಿನದ ಹೊಸ್ತಿಲು ಇರಲಿಲ್ಲ. ದುಡಿದ ಇಪ್ಪತ್ತಕ್ಕೆ ಒಂದು, ಅಷ್ಟೇ. ಹಣ್ಣು ಕೊಯ್ಲಿಗೆಂದು ಬಂದು ಎಂಬತ್ತು ದಿನ ದುಡಿದು ಹೋಗುವವರಿಗೂ ನಾಲ್ಕು ದಿನ ಬರಬೇಕಿತ್ತು.

ಹಾಗಾದರೆ ಬರುತ್ತಿತ್ತೇ? ತೋಟದ ಲೈನು ಮನೆಗಳಲ್ಲಿ ವಾಸವಿದ್ದ ಕಾಯಂ ಕೆಲಸದವರಿಗೆ ಬರುತ್ತಿತ್ತು. ಅದನ್ನು ನಾನೇ ಬರೆದಿದ್ದೇನೆ, ಹಬ್ಬಕ್ಕೆ ಮುಂಚೆ ಲೆಕ್ಕ ಮಾಡಿ ಕೊಟ್ಟಿದ್ದೇನೆ. ಆದರೆ ಗುತ್ತಿಗೆದಾರರ ಮೂಲಕ ಹೊರಗಿನಿಂದ ಜನ ಬರತೊಡಗಿದ ಮೇಲೆ ಅವರ ಹೆಸರು ನನ್ನ ಚೆಕ್‌ರೋಲಿನಲ್ಲಿ ಇರಲೇ ಇಲ್ಲ. ಗುತ್ತಿಗೆದಾರನ ಹೆಸರಿನ ಮುಂದೆ "ಇಪ್ಪತ್ತೆರಡು ಆಳು" ಎಂದು ಒಂದು ಅಂಕಿ, ಅಷ್ಟೇ. ಅಂಕಿಗೆ ರಜೆ ಬರೆಯಲು ಬರುವುದಿಲ್ಲ. ಹೊಸ ಸಂಹಿತೆಯ 180 ದಿನ ಕಾರ್ಖಾನೆಯವರಿಗೆ ಒಳ್ಳೆಯ ಸುದ್ದಿಯಾದರೂ, ಅದೇ ನಿಯಮ ತೋಟಕ್ಕೂ ಬಂದರೆ ಕೊಯ್ಲಿನ ಮೂರು ತಿಂಗಳಿಗೆ ಬರುವವರು ಹೊಸ್ತಿಲಿನ ಹೊರಗೇ ಉಳಿಯುತ್ತಾರೆ ಎಂಬ ಚಿಂತೆ ನನಗಿದೆ. ವಕೀಲರು ಈ ಬಗ್ಗೆ ಹೇಳಬೇಕು.

ಹೋಲಿಕೆಗೆ ಒಂದು ಮಾತು: ಬಾಂಗ್ಲಾದೇಶದ 2006ರ ಕಾರ್ಮಿಕ ಕಾಯ್ದೆಯಲ್ಲಿ ಕಾರ್ಖಾನೆಯವರಿಗೆ 18 ದಿನಕ್ಕೆ ಒಂದು, ಟೀ ತೋಟದವರಿಗೆ 22 ದಿನಕ್ಕೆ ಒಂದು. ತೋಟದ ಬೆವರಿಗೆ ಕಡಿಮೆ ಬೆಲೆ ಕಟ್ಟುವುದು ಅಲ್ಲಿ ಕಾನೂನಿನಲ್ಲೇ ಬರೆದಿದೆ.

ವಕೀಲ, ಶಿವಮೊಗ್ಗ:

ರೈಟರ್ ಅವರ ಚಿಂತೆ ನ್ಯಾಯವಾದದ್ದು. ಸಂಹಿತೆ 1951ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು ಎಲ್ಲ ಬಗೆಯ ಸಂಸ್ಥೆಗಳಿಗೂ 180 ದಿನದ ಒಂದೇ ಷರತ್ತನ್ನು ಇಟ್ಟಿದೆ.

ಹೊಸನಗರದ ತೋಟಿಗ:

ಎಲ್ಲರ ಬರಹವನ್ನೂ ಓದಿದೆ. ನನ್ನದು ನಾಲ್ಕೂವರೆ ಎಕರೆ ಅಡಿಕೆ. ಐದು ಹೆಕ್ಟೇರಿನ ಹತ್ತಿರವೂ ಇಲ್ಲ, ಹದಿನೈದು ಜನವೂ ಇಲ್ಲ, ಮೇಲಾಗಿ ಅಡಿಕೆ ಆ ಐದು ಬೆಳೆಗಳ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಯಾವ ಕಾನೂನೂ ನನಗೆ ರಜೆ ಕೊಡು ಎಂದು ಹೇಳಿಲ್ಲ, ನಾನೂ ಕೊಟ್ಟಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಆದರೆ ನನ್ನ ಕಷ್ಟವನ್ನೂ ಕೇಳಬೇಕು. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಔಷಧಿ ಹೊಡೆಯದಿದ್ದರೆ ಫಸಲೇ ಇಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಯುವವರು ಇವತ್ತು ನನ್ನಲ್ಲಿ, ನಾಳೆ ಪಕ್ಕದ ತೋಟದಲ್ಲಿ, ನಾಡಿದ್ದು ನಗರದ ಕಡೆ. ಸುಲಿಯುವವರಿಗೆ ಕೂಲಿ ದಿನದ ಲೆಕ್ಕದಲ್ಲಿ ಇಲ್ಲ, ಸುಲಿದಷ್ಟಕ್ಕೆ. ಇವರೆಲ್ಲ ಹತ್ತು ಮನೆಗೆ ದುಡಿಯುವವರು. ಹತ್ತು ಮನೆಯಲ್ಲಿ ಯಾರು ರಜೆ ಕೊಡಬೇಕು? ನನ್ನ ತೋಟಕ್ಕೆ ಅವರು ವರ್ಷಕ್ಕೆ ಹನ್ನೆರಡು ದಿನ ಬಂದರೆ ಇಪ್ಪತ್ತಕ್ಕೆ ಒಂದರಂತೆ ಒಂದು ದಿನವೂ ಪೂರ್ತಿ ಆಗುವುದಿಲ್ಲ. ಜರ್ಮನಿಯ ಕಾರ್ಖಾನೆಯ ಲೆಕ್ಕವನ್ನು ಮಲೆನಾಡಿನ ತೋಟಕ್ಕೆ ತಂದು ಹಾಕುವುದು ಹೇಗೆ ಎಂದು ನನಗೆ ನಿಜವಾಗಿಯೂ ತಿಳಿಯುತ್ತಿಲ್ಲ. ತಿಳಿದವರು ಹೇಳಿದರೆ ಕೇಳುತ್ತೇನೆ.

ಇತಿಹಾಸ ಉಪನ್ಯಾಸಕಿ, ಸಾಗರ:

ತೋಟಿಗರೇ, ನೀವು ಕೇಳಿದ ಪ್ರಶ್ನೆಯನ್ನೇ ಫ್ರಾನ್ಸಿನ ಗಾರೆ ಕೆಲಸದವರೂ 1936ರಲ್ಲಿ ಕೇಳಿದ್ದರು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆ ವರ್ಷದ ಮೇ ಮತ್ತು ಜೂನಿನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಹೊಸದಾಗಿ ಬಂದ ಲಿಯಾನ್ ಬ್ಲೂಮ್ ಅವರ ಸರ್ಕಾರದ ಸಮ್ಮುಖದಲ್ಲಿ ಜೂನ್ 7ರ ರಾತ್ರಿ ಮಾತುಕತೆಯಾಗಿ ಮ್ಯಾಟಿನ್ಯೋಂ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ತಿಂಗಳ 20ರ ಕಾನೂನಿನಿಂದ ಎಲ್ಲ ಕೂಲಿಯವರಿಗೂ ಎರಡು ವಾರದ ಸಂಬಳ ಸಹಿತ ರಜೆ ಬಂತು. ರಜೆ ಸಿಕ್ಕರೂ ಹೋಗಲು ಹಣವೆಲ್ಲಿ ಎಂಬ ಪ್ರಶ್ನೆಯೂ ಎದ್ದಿತು. ಅದಕ್ಕೆಂದೇ ಲಿಯೋ ಲಗ್ರಾಂಜ್ ಎಂಬ ಸಚಿವರು ರಜೆಗೆ ಹೋಗುವ ಕಾರ್ಮಿಕರ ರೈಲು ದರದಲ್ಲಿ ಶೇ 40 ರಿಯಾಯಿತಿ ಕೊಡಿಸಿದರು. ಸಮುದ್ರದ ದೇಶದಲ್ಲೇ ಹುಟ್ಟಿ ಸಮುದ್ರ ನೋಡದಿದ್ದ ಜನ ಆ ಬೇಸಿಗೆಯಲ್ಲಿ ಮೊದಲ ಸಲ ಸಮುದ್ರ ನೋಡಿದರು. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ, ಏಕೆಂದರೆ ಸಾಗರದಿಂದ ಹೊನ್ನಾವರದ ಕಡಲು ನೂರು ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ ಅದನ್ನು ನೋಡದ ಹೆಂಗಸರು ನಮ್ಮ ಕೇರಿಯಲ್ಲೇ ಇದ್ದಾರೆ. ಆ ಎರಡು ವಾರ ಫ್ರಾನ್ಸಿನಲ್ಲಿ 1956ರಲ್ಲಿ ಮೂರು, 1969ರಲ್ಲಿ ನಾಲ್ಕು, 1982ರಲ್ಲಿ ಐದು ಆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ರಜೆ ಒಡಂಬಡಿಕೆ ಬಂದದ್ದೂ ಅದೇ 1936ರ ಜೂನಿನಲ್ಲಿ.

ಇನ್ನು ನಿಮ್ಮ ಪ್ರಶ್ನೆ. ಗಾರೆಯವನು ವರ್ಷಕ್ಕೆ ಆರು ಗುತ್ತಿಗೆದಾರರ ಬಳಿ ದುಡಿಯುತ್ತಾನೆ. ಯಾರ ಬಳಿಯೂ ಅವನ ವರ್ಷ ತುಂಬುವುದಿಲ್ಲ. ಅದಕ್ಕೆ ಫ್ರಾನ್ಸಿನಲ್ಲಿ 1937ರಿಂದ ಕಟ್ಟಡ ಕೆಲಸಕ್ಕೆ ರಜೆ ನಿಧಿಗಳು ಹುಟ್ಟಿದವು. ಪ್ರತಿ ಗುತ್ತಿಗೆದಾರನೂ ತಾನು ಕೊಟ್ಟ ಕೂಲಿಗೆ ತಕ್ಕಂತೆ ನಿಧಿಗೆ ಹಣ ಕಟ್ಟುತ್ತಾನೆ. ರಜೆಯ ಸಂಬಳವನ್ನು ನಿಧಿಯೇ ಕೊಡುತ್ತದೆ. ರಜೆ ಕಾರ್ಮಿಕನ ಬೆನ್ನಿಗೆ ಅಂಟಿಕೊಂಡು ಹೋಗುತ್ತದೆ, ಮಾಲೀಕನ ಪುಸ್ತಕದಲ್ಲಿ ಉಳಿಯುವುದಿಲ್ಲ. ಜರ್ಮನಿಯ ಕಟ್ಟಡ ಕೆಲಸದವರಿಗೂ ಇಂಥದೇ ನಿಧಿಯಿದೆ. ಇದು ಯುರೋಪಿಗೆ ಮಾತ್ರ ಸಾಧ್ಯ ಎನ್ನಬೇಡಿ: ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಕಾಯ್ದೆಯಂತೆ ಹಮಾಲರ ಮಂಡಳಿಗಳು ವ್ಯಾಪಾರಿಗಳಿಂದ ಕೂಲಿಯ ಜೊತೆಗೆ ಒಂದು ಪಾಲನ್ನು ವಸೂಲು ಮಾಡಿ ರಜೆ, ಭವಿಷ್ಯ ನಿಧಿ, ಉಪದಾನ (ಗ್ರಾಚ್ಯುಯಿಟಿ) ಎಲ್ಲವನ್ನೂ ಅದರಿಂದ ಕೊಡುತ್ತವೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವವರಿಗೂ ಒಬ್ಬನೇ ಮಾಲೀಕನಿಲ್ಲ. ಕೊನೆ ಕೊಯ್ಯುವವರಿಗೂ ಇಲ್ಲ.

ನಿಧಿ ಇಲ್ಲದ ಕಡೆ ಇನ್ನೊಂದು ದಾರಿಯಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಗೊತ್ತಾದ ಅವಧಿಯಿಲ್ಲದೆ ದುಡಿಯುವವರಿಗೆ ಪ್ರತಿ ಕೂಲಿಯ ಜೊತೆಗೇ ಶೇ 12.07ರಷ್ಟು ರಜೆ ಸಂಬಳವನ್ನು ಸೇರಿಸಿ ಕೊಡಬಹುದು, 5.6 ವಾರವನ್ನು ಉಳಿದ 46.4 ವಾರಕ್ಕೆ ಹಂಚಿದರೆ ಬರುವ ಅಂಕಿ ಅದು. ನಮ್ಮ ಇಪ್ಪತ್ತಕ್ಕೆ ಒಂದು ಎಂದರೆ ಶೇ 5. ಐನೂರು ರೂಪಾಯಿ ದಿನಗೂಲಿಗೆ ಇಪ್ಪತ್ತೈದು ರೂಪಾಯಿ.

ಹೊಲಿಗೆ ವಿಭಾಗ, ಶಿವಮೊಗ್ಗ:

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ರಜೆ ಎಲ್ಲಿ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಾಯಿಲೆಯಾದರೆ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ ಬರುವುದು ಕೂಲಿಯ ಶೇ 70, ಅದೂ ಚೀಟಿಗಾಗಿ ಅರ್ಧ ದಿನ ಕಾದ ಮೇಲೆ. ಗಳಿಕೆ ರಜೆ ಹಾಕಿದರೆ ಪೂರ್ತಿ ಕೂಲಿ. ಆದ್ದರಿಂದ ಜ್ವರಕ್ಕೂ ಗಳಿಕೆ ರಜೆ, ಮಗಳ ಜ್ವರಕ್ಕೂ ಗಳಿಕೆ ರಜೆ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲೂ ಗಳಿಕೆ ರಜೆ. ಕಳೆದ ವರ್ಷದ ನನ್ನ ಹದಿನಾಲ್ಕು ದಿನದಲ್ಲಿ ನಾನು ಆರೋಗ್ಯವಾಗಿದ್ದು ಮನೆಯಲ್ಲಿ ಸುಮ್ಮನೆ ಕುಳಿತದ್ದು ಒಂದೇ ದಿನ, ಭೂಮಿ ಹುಣ್ಣಿಮೆಗೆ ತವರಿನಲ್ಲಿ. ಜರ್ಮನಿಯ ಅಕ್ಕ ಬರೆದ ಹಾಗೆ ಕಾಯಿಲೆಯ ದಿನ ಖಾತೆಗೆ ಮರಳುವುದಾದರೆ ನಮ್ಮ ಹದಿನಾಲ್ಕೇ ಬಹಳ ದೊಡ್ಡದಾಗುತ್ತದೆ. ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ದಿನದ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದಾಗ ನಮ್ಮ ಸಾಲಿನಲ್ಲಿ ಮೊದಲು ಎದ್ದ ಮಾತು, "ಇದನ್ನು ಗಳಿಕೆ ರಜೆಯಲ್ಲಿ ಕಳೆಯುವುದಿಲ್ಲ ತಾನೆ?" ಎಂಬುದಾಗಿತ್ತು.

ಟೈಂ ಆಫೀಸಿನವನು, ಮಾಚೇನಹಳ್ಳಿ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟನ್ನೂ ಓದಿದ ಮೇಲೆ ನನ್ನ ಮೇಜಿನ ಮುಂದಿನ ಆ ಸಾಲಿನ ಬಗ್ಗೆಯೇ ನನ್ನ ಯೋಚನೆ ತಿರುಗುತ್ತಿದೆ. ನಮ್ಮ ಕಾನೂನು ಕೊಡುವ ಎರಡೂವರೆ ವಾರವನ್ನೂ ನಮ್ಮವರು ತೆಗೆದುಕೊಳ್ಳುತ್ತಿಲ್ಲ, ಮಾರುತ್ತಿದ್ದಾರೆ. ಕುಲುಮೆಯ ಬಿಸಿಯಲ್ಲಿ ಮೂರು ಪಾಳಿ ದುಡಿಯುವವರು ರಜೆ ಮಾರಿ ಬಂದ ಹಣವನ್ನು ಶಾಲೆಯ ಶುಲ್ಕಕ್ಕೆ ಕಟ್ಟುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ, ಆದರೆ ಚೆಕ್ಕಿಗೆ ಟಿಪ್ಪಣಿ ಬರೆಯುವಾಗಲೆಲ್ಲ ನಾನು ಒಬ್ಬ ಮನುಷ್ಯನ ವಿಶ್ರಾಂತಿಯನ್ನು ಅಳೆದು ಕೊಡುತ್ತಿದ್ದೇನೆ ಎನ್ನಿಸುತ್ತದೆ.

ಈ ಮಾರಾಟದ ವಿಚಾರದಲ್ಲೇ ದೇಶದೇಶಗಳ ವ್ಯತ್ಯಾಸ ನನಗೆ ಹೆಚ್ಚು ಸ್ಪಷ್ಟವಾಗಿ ಕಂಡಿತು. ಯುರೋಪ್ ಒಕ್ಕೂಟದಲ್ಲಿ ಆ ನಾಲ್ಕು ವಾರವನ್ನು ಕೆಲಸ ಬಿಡುವಾಗ ಹೊರತು ಹಣವಾಗಿ ಬದಲಿಸುವಂತೆಯೇ ಇಲ್ಲ. ನ್ಯೂಜಿಲೆಂಡಿನಲ್ಲಿ ವರ್ಷಕ್ಕೆ ಒಂದು ವಾರ ಮಾತ್ರ ಮಾರಬಹುದು. ಬ್ರೆಜಿಲ್‌ನಲ್ಲಿ ಮೂವತ್ತು ದಿನದಲ್ಲಿ ಮೂರನೇ ಒಂದು ಭಾಗ ಮಾರಬಹುದು, ಆದರೆ ರಜೆಗೆ ಹೋಗುವವನಿಗೆ ಸಂಬಳದ ಮೇಲೆ ಮತ್ತೆ ಮೂರನೇ ಒಂದು ಭಾಗ ಹೆಚ್ಚಾಗಿ ಕೊಡಬೇಕೆಂದು 1988ರ ಅವರ ಸಂವಿಧಾನವೇ ಹೇಳುತ್ತದೆ. ರಜೆಗೆ ಹೋದರೆ ಖರ್ಚಿರುತ್ತದೆ ಎಂಬುದನ್ನು ಅರಿತವರು ಬರೆದ ಮಾತದು. ಜಪಾನಿನಲ್ಲಿ ಹತ್ತರಿಂದ ಇಪ್ಪತ್ತು ದಿನದ ಹಕ್ಕಿದ್ದರೂ ಜನ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ, 2019ರ ಏಪ್ರಿಲ್‌ನಿಂದ ಹತ್ತು ದಿನ ಗಳಿಸಿದವನು ಕನಿಷ್ಠ ಐದು ದಿನವನ್ನಾದರೂ ಬಳಸುವಂತೆ ಮಾಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದರು. ನಮ್ಮ ಹೊಸ ಸಂಹಿತೆ ಕೇಳಿದರೆ ಹಣ ಕೊಡು ಎನ್ನುತ್ತದೆ. ಅದು ಹಕ್ಕೇ ಹೌದು, ಬೇಡವೆನ್ನಲಾರೆ. ಆದರೆ ಇಷ್ಟು ದಿನವನ್ನಾದರೂ ಮಾರುವಂತಿಲ್ಲ ಎಂಬ ಇನ್ನೊಂದು ಸಾಲು ಅದರ ಪಕ್ಕದಲ್ಲಿ ಇರಬೇಕಿತ್ತು.

ಕುಲುಮೆಯ ಹಿರಿಯರಿಗೆ ಇವತ್ತು ಇದನ್ನೆಲ್ಲ ಹೇಳಿದೆ. ಅವರು ಕೇಳಿ, "ಹಾಗಾದರೆ ನನ್ನ ಹದಿನೈದರಲ್ಲಿ ಎಂಟನ್ನು ಕೋಟೆ ಮಾರಿಕಾಂಬಾ ಜಾತ್ರೆಗೆ ಬರೆದುಕೊಳ್ಳಿ" ಎಂದರು. ಕಾರ್ಖಾನೆ ಕಾಯ್ದೆಯಲ್ಲಿ ಹದಿನೈದು ದಿನ ಮುಂಚೆ ಅರ್ಜಿ ಕೊಡಬೇಕೆಂದಿತ್ತು, ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆಯಾದರೆ ಅದರ ಸಂಬಳವನ್ನು ಮುಂಗಡವಾಗಿಯೇ ಕೊಡಬೇಕೆಂದೂ ಇತ್ತು. ಆ ಮುಂಗಡದ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಹದಿನಾರು ವರ್ಷದಲ್ಲಿ ನಾನೂ ಯಾರಿಗೂ ಹೇಳಿರಲಿಲ್ಲ.

ಹೊಸನಗರದ ತೋಟಿಗ:

ಉಪನ್ಯಾಸಕಿಯವರ ಲೆಕ್ಕವನ್ನು ಹಾಕಿ ನೋಡಿದೆ. ಕೊನೆ ಕೊಯ್ಯುವವರ ನಿಧಿ ನನ್ನೊಬ್ಬನಿಂದ ಆಗುವ ಕೆಲಸವಲ್ಲ. ಅದನ್ನು ನಮ್ಮ ಸಹಕಾರ ಸಂಘದ ಸಭೆಯಲ್ಲಿ ಎತ್ತುತ್ತೇನೆ. ಆದರೆ ವರ್ಷವಿಡೀ ನನ್ನಲ್ಲಿಗೇ ಬರುವ ನಾಲ್ವರು ಹೆಂಗಸರಿದ್ದಾರೆ, ಅವರ ಲೆಕ್ಕ ಕೈಯಳತೆಯಲ್ಲೇ ಇದೆ. ಒಬ್ಬೊಬ್ಬರು ಸುಮಾರು ಇನ್ನೂರ ಇಪ್ಪತ್ತು ದಿನ ಬರುತ್ತಾರೆ. ಇಪ್ಪತ್ತಕ್ಕೆ ಒಂದರಂತೆ ಹನ್ನೊಂದು ದಿನ, ಐನೂರರಂತೆ ಒಬ್ಬರಿಗೆ ಐದೂವರೆ ಸಾವಿರ, ನಾಲ್ವರಿಗೆ ಇಪ್ಪತ್ತೆರಡು ಸಾವಿರ. ಒಂದು ಸುತ್ತು ಔಷಧಿ ಹೊಡೆಸುವ ಖರ್ಚಿಗಿಂತ ಇದು ಹೆಚ್ಚೇನಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಹಣವನ್ನು ಕೂಲಿಗೆ ಸೇರಿಸಿ ಕೊಟ್ಟರೆ ಅವರು ರಜೆ ಮಾಡುವುದಿಲ್ಲ, ದಿನವನ್ನೇ ಕೊಡಿ" ಎಂದಳು. ರೈಟರ್ ಅವರೇ, ಇದನ್ನು ಹೇಗೆ ಬರೆದಿಡಬೇಕು? ನನ್ನಲ್ಲಿ ಇರುವುದು ಕೂಲಿ ಕೊಟ್ಟದ್ದನ್ನು ಗೀಚಿದ ಕ್ಯಾಲೆಂಡರ್ ಮಾತ್ರ.

ನಿವೃತ್ತ ರೈಟರ್, ಕೊಪ್ಪ:

ಕ್ಯಾಲೆಂಡರ್ ಬೇಡ, ಅದು ಯುಗಾದಿಗೋ ಜನವರಿಗೋ ಗೋಡೆಯಿಂದ ಇಳಿದು ಒಲೆಗೆ ಹೋಗುತ್ತದೆ. ಒಂದು ಉದ್ದನೆಯ ನೋಟ್‌ಬುಕ್ ತನ್ನಿ. ಎಡಕ್ಕೆ ಹೆಸರು, ಮೇಲೆ ತಾರೀಕು. ಬಂದ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಬಾರದ ದಿನಕ್ಕೆ ಸೊನ್ನೆ. ಇಪ್ಪತ್ತು ಗೀಟು ತುಂಬಿದ ದಿನ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ. ಅದು ಅವರು ಗಳಿಸಿದ ಒಂದು ದಿನ. ಅದನ್ನು ಅವರು ತೆಗೆದುಕೊಂಡಾಗ ಆ ತಾರೀಕಿನ ಮನೆಯಲ್ಲಿ ಸೊನ್ನೆ ಹಾಕಬೇಡಿ, "ರ" ಎಂದು ಬರೆದು ಕೂಲಿಯ ಲೆಕ್ಕಕ್ಕೆ ಸೇರಿಸಿ. ಸೊನ್ನೆಯೂ "ರ"ವೂ ಬೆರೆತುಹೋದ ಚೆಕ್‌ರೋಲುಗಳನ್ನು ನಾನು ಬಹಳ ನೋಡಿದ್ದೇನೆ. ಜಗಳವೆಲ್ಲ ಹುಟ್ಟುವುದು ಅಲ್ಲೇ.

ಇನ್ನೊಂದು ಮಾತು. ಅದೇ ಲೆಕ್ಕವನ್ನು ಆ ನಾಲ್ವರಿಗೂ ಒಂದೊಂದು ಸಣ್ಣ ಪುಸ್ತಕದಲ್ಲಿ ಬರೆದು ಕೊಡಿ, ಅದು ಅವರ ಮನೆಯಲ್ಲೇ ಇರಲಿ. ಓದಲು ಬಾರದವರಾದರೆ ಶಾಲೆಗೆ ಹೋಗುವ ಮಕ್ಕಳು ಎಣಿಸಿ ಹೇಳುತ್ತಾರೆ.